ಮಾಮು ಹಾಕಿದ ಸ್ವಿಚ್ಚು

ನಮ್ಮ ಮನೆಯಲ್ಲಿ ಒಂದು ಮಾತು ಬಹಳ ವರ್ಷ ಚಾಲ್ತಿಯಲ್ಲಿತ್ತು. ಮಿಕ್ಸರ್ ಆಗಲಿ, ಗಡಿಯಾರವಾಗಲಿ, ಏನಾದರೂ ಕೆಟ್ಟು ನಿಂತರೆ ‘ಕಮಲಾಪುರಕ್ಕೆ ಕಳಿಸೋಣವೇನು?’ ಎಂದು ಯಾರಾದರೊಬ್ಬರು ಕೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅಮ್ಮಿ ಮಾತ್ರ ನಗುತ್ತಿರಲಿಲ್ಲ. ಆ ಮಾತನ್ನು ಹುಟ್ಟಿಸಿದವರು ಅಬ್ಬಾ. ಅದನ್ನು ಊರೆಲ್ಲ ಹರಡಿದವರು ನಾವು ಮೂವರು ಮಕ್ಕಳು. ಅದು ಸುಳ್ಳೆಂದು ನಮಗೆ ಗೊತ್ತಾಗಲು ಇಪ್ಪತ್ತೇಳು ವರ್ಷ ಬೇಕಾಯಿತು.

ಕಥೆ ಶುರುವಾದದ್ದು ಒಂದು ಆಟದ ಯಂತ್ರದಿಂದ. 1995ರಲ್ಲಿ ದುಬೈಯಲ್ಲಿದ್ದ ನಮ್ಮ ಚಾಚಾ ರಜೆಗೆ ಬಂದಾಗ ಕಂಬಳಿ, ಟಾರ್ಚು, ಅತ್ತರಿನ ಸೀಸೆಗಳ ನಡುವೆ ಒಂದು ಕಪ್ಪು ಪೆಟ್ಟಿಗೆಯನ್ನೂ ತಂದಿದ್ದರು. ಅದು ಸೆಗಾ ಕಂಪೆನಿಯ ಮೆಗಾ ಡ್ರೈವ್ 2. ಆಗ ಗುಲ್ಬರ್ಗದಲ್ಲಿ ‘ಟಿವಿ ಗೇಮ್’ ಎಂದರೆ ಹಳದಿ ಕಾರ್ಟ್ರಿಡ್ಜ್ ಹಾಕುವ ಅಗ್ಗದ ನಕಲಿ ಯಂತ್ರಗಳು. ರೋಜಾ ಕಡೆಯ ನಮ್ಮ ಗಲ್ಲಿಯಲ್ಲಿ ಎರಡು ಮನೆಗಳಲ್ಲಿ ಅಂಥವು ಇದ್ದವು. ಸೆಗಾ ಯಂತ್ರವನ್ನು ಅದೇ ವರ್ಷ ಶಾ ವ್ಯಾಲೇಸ್ ಕಂಪೆನಿ ಭಾರತದಲ್ಲಿ ಮಾರಲು ಆರಂಭಿಸಿತಾದರೂ ಅದರ ಬೆಲೆ 18,000 ರೂಪಾಯಿ. ಆ ಹಣದಲ್ಲಿ ನಮ್ಮಂಥವರು ಮನೆಗೆ ಬಣ್ಣದ ಟಿವಿಯನ್ನೇ ತರುತ್ತಿದ್ದೆವು. ಹಾಗಾಗಿ ಚಾಚಾ ತಂದ ಪೆಟ್ಟಿಗೆ ನಮ್ಮ ಮನೆಯ ಪ್ರತಿಷ್ಠೆಯ ವಸ್ತುವಾಯಿತು. ಕರೆಂಟು ಇದ್ದಾಗಲೆಲ್ಲ ಗಲ್ಲಿಯ ಮಕ್ಕಳು ನಮ್ಮ ಬಾಗಿಲಲ್ಲೇ ಇರುತ್ತಿದ್ದರು.

ಮರುವರ್ಷ ಚಾಚಾ ಇನ್ನೊಂದು ಕಾರ್ಟ್ರಿಡ್ಜ್ ತಂದರು. ಅವರ ಜೊತೆ ಕೆಲಸ ಮಾಡುವವರೊಬ್ಬರಿಗೆ ಅಮೆರಿಕದಿಂದ ಬಂದದ್ದಂತೆ. ಹಾಕಿದೆವು. ಆಟ ಬರಲಿಲ್ಲ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬಂದವು. ಇದು ಬೇರೆ ಪ್ರದೇಶದ ಯಂತ್ರಕ್ಕಾಗಿ ಮಾಡಿದ್ದು, ಇಲ್ಲಿ ನಡೆಯದು ಎಂಬುದು ಅದರ ಸಾರಾಂಶ. ಊದಿ ಹಾಕಿದೆವು, ಬಟ್ಟೆಯಲ್ಲಿ ಒರೆಸಿ ಹಾಕಿದೆವು. ಅದೇ ನಾಲ್ಕು ಸಾಲು.

ಇದರ ಗುಟ್ಟನ್ನು ಓದುಗರಿಗೆ ಸ್ವಲ್ಪ ಹೇಳಬೇಕು. ಸೆಗಾ ಈ ಯಂತ್ರವನ್ನು 1988ರಲ್ಲಿ ಜಪಾನಿನಲ್ಲಿ, 1989ರಲ್ಲಿ ಜೆನೆಸಿಸ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ, 1990ರಲ್ಲಿ ಯೂರೋಪಿನಲ್ಲಿ ಮಾರಾಟಕ್ಕಿಟ್ಟಿತು. ಒಳಗಿನ ಯಂತ್ರ ಬಹುತೇಕ ಒಂದೇ. ‘ನಾನು ಯಾವ ದೇಶದವನು’ ಎಂದು ಹೇಳುವ ಎರಡು ಗುರುತುಗಳು ಮಾತ್ರ ಬೇರೆ. ಒಂದು ಗುರುತು ಜಪಾನಿನ ಯಂತ್ರವೋ ಹೊರದೇಶದ್ದೋ ಎಂದು ಹೇಳುತ್ತದೆ. ಇನ್ನೊಂದು, ಟಿವಿಗೆ ಸೆಕೆಂಡಿಗೆ 50 ಸಲ ಚಿತ್ರ ಕಳಿಸಬೇಕೋ 60 ಸಲವೋ ಎಂದು ಹೇಳುತ್ತದೆ. ಭಾರತ, ದುಬೈ ಮತ್ತು ಯೂರೋಪಿನ ಬಹುಭಾಗದ ಟಿವಿಗಳು 50ರವು, ಪಾಲ್ ಪದ್ಧತಿಯವು. ಅಮೆರಿಕ, ಜಪಾನಿನ ಟಿವಿಗಳು 60ರವು, ಎನ್‌ಟಿಎಸ್‌ಸಿ ಪದ್ಧತಿಯವು. ಬೋರ್ಡಿನ ಮೇಲೆ ಈ ಗುರುತುಗಳೆಂದರೆ ಎರಡು ಸಣ್ಣ ತಾಮ್ರದ ಗೆರೆಗಳು ಅಷ್ಟೇ. ಗೆರೆ 5 ವೋಲ್ಟಿಗೆ ಸೇರಿದ್ದರೆ ಒಂದು ದೇಶ, ಗ್ರೌಂಡಿಗೆ ಸೇರಿದ್ದರೆ ಇನ್ನೊಂದು ದೇಶ. ಕೆಲವು ಆಟಗಳು ಶುರುವಾಗುವ ಮೊದಲು ಈ ಗುರುತನ್ನು ಓದುತ್ತವೆ. ಹೊಂದದಿದ್ದರೆ ಬಾಗಿಲು ಮುಚ್ಚುತ್ತವೆ. ಆಟದ ಚೀಟಿ ತೋರಿಸಿದರೂ ‘ನಿಮ್ಮ ಊರು ಯಾವುದು?’ ಎಂದು ಕೇಳುವ ಕಾವಲುಗಾರ ಇದ್ದಂತೆ.

ಚಾಚಾ ಕಾರ್ಟ್ರಿಡ್ಜ್ ಜೊತೆ ಒಂದು ಜೆರಾಕ್ಸ್ ಹಾಳೆಯನ್ನೂ ತಂದಿದ್ದರು. ದುಬೈಯ ಅಂಗಡಿಯವನು ಕೊಟ್ಟದ್ದು. ಆ ಗೆರೆಗಳನ್ನು ಕತ್ತರಿಸಿ ಸ್ವಿಚ್ಚು ಹಾಕುವುದು ಹೇಗೆಂದು ಅದರಲ್ಲಿ ಚಿತ್ರವಿತ್ತು. ಅಮ್ಮಿ, ‘ಭಾಯಿಜಾನ್‌ಗೆ ತೋರಿಸೋಣ’ ಎಂದರು.

ಅಮ್ಮಿಯ ಅಣ್ಣ, ನಮ್ಮ ಮಾಮು, ಕಮಲಾಪುರದಲ್ಲಿ ರೇಡಿಯೋ-ಟಿವಿ ರಿಪೇರಿ ಅಂಗಡಿ ಇಟ್ಟಿದ್ದರು. ಗುಲ್ಬರ್ಗದಿಂದ ಹುಮನಾಬಾದ್ ಬಸ್ಸು ಹತ್ತಿದರೆ ಒಂದು ಗಂಟೆಯ ದಾರಿ. ಕಮಲಾಪುರ ಈಗ ಪ್ರತ್ಯೇಕ ತಾಲ್ಲೂಕು. ಆಗ ಗುಲ್ಬರ್ಗ ತಾಲ್ಲೂಕಿನ ಒಂದು ದೊಡ್ಡ ಹಳ್ಳಿ. ನಾವು ಹೋದಾಗಲೆಲ್ಲ ಅಂಗಡಿಯ ಮೂಲೆಯಲ್ಲಿ ಅಲ್ಲಿಯ ಪ್ರಸಿದ್ಧ ಕೆಂಪು ಬಾಳೆಯ ಗೊನೆ ತೂಗುತ್ತಿತ್ತು. ಮಾಮು ಹಣ್ಣು ಕಿತ್ತು ಕೊಟ್ಟ ಮೇಲೆಯೇ ಮಾತು. ಅವರು ನಮ್ಮೊಡನೆ ಅರ್ಧ ದಖ್ಖನಿ, ಅರ್ಧ ಕನ್ನಡದಲ್ಲಿ ಮಾತನಾಡುತ್ತಿದ್ದರು.

ಮಾಮು ಆ ಜೆರಾಕ್ಸನ್ನು ಒಂದು ರಾತ್ರಿ ಇಟ್ಟುಕೊಂಡು ಓದಿದರು. ಮರುದಿನ ಬ್ಲೇಡಿನಿಂದ ಎರಡು ಗೆರೆ ಕತ್ತರಿಸಿ, ಟೆಲಿಫೋನ್ ಕೇಬಲ್ಲಿನ ಕೆಂಪು-ಹಳದಿ ತಂತಿ ಹಚ್ಚಿ, ಪೆಟ್ಟಿಗೆಯ ಹಿಂಭಾಗದಲ್ಲಿ ಎರಡು ಸಣ್ಣ ಸ್ವಿಚ್ಚು ಕೂರಿಸಿದರು. ತಂತಿಗಳನ್ನು ಮೇಣದ ದಾರದಿಂದ ಕಟ್ಟುವುದು ಅವರ ರೂಢಿ. ಸ್ವಿಚ್ಚಿನ ಹಿಂದೆ ಸೈಕಲ್ ಟ್ಯೂಬಿನ ತುಂಡು ಸುತ್ತಿದರು. ಮೊದಲು ನಮ್ಮ ಹಳೆಯ ಆಟ ‘ಸ್ಟ್ರೀಟ್ಸ್ ಆಫ್ ರೇಜ್’ ಹಾಕಿ ಒಂದು ಸ್ವಿಚ್ಚನ್ನು ಸರಿಸಿ ಯಂತ್ರ ಚಾಲೂ ಮಾಡಿದರು. ಪರದೆಯ ಮೇಲೆ ಆಟದ ಹೆಸರೇ ಬದಲಾಗಿತ್ತು, ‘ಬೇರ್ ನಕಲ್’! ಜಪಾನಿನಲ್ಲಿ ಆ ಆಟದ ಹೆಸರು ಅದು. ಒಂದೇ ಕಾರ್ಟ್ರಿಡ್ಜಿನೊಳಗೆ ಎರಡು ಹೆಸರು ಇದ್ದವು. ನಾವು ಬಾಯಿ ತೆರೆದು ನಿಂತೆವು. ಮಾಮು ನಕ್ಕು, ‘ಬಸ್ಸಿನ ಬೋರ್ಡಿನ ಮ್ಯಾಲ ಗುಲ್ಬರ್ಗ, ಮಂದಿ ಬಾಯಾಗ ಕಲಬುರ್ಗಿ. ಊರು ಒಂದೇ ಇಲ್ಲೇನು?’ ಎಂದರು. 2014ರ ನವೆಂಬರ್ 1ರಂದು ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಎಂದಾದಾಗ ನಮಗೆ ಈ ಮಾತೇ ನೆನಪಾಗಿತ್ತು.

ಆಮೇಲೆ ಅಮೆರಿಕದ ಕಾರ್ಟ್ರಿಡ್ಜ್ ಹಾಕಿ ಎರಡನೆಯ ಸ್ವಿಚ್ಚನ್ನು 60ಕ್ಕೆ ಸರಿಸಿದರು. ಆಟ ಬಂತು! ಚಿತ್ರ ಮೇಲಕ್ಕೆ ಉರುಳುತ್ತಿತ್ತು. ಟಿವಿಯ ಹಿಂದಿನ ಗುಂಡಿ ತಿರುಗಿಸಿ ನಿಲ್ಲಿಸಿದರು. ಆದರೆ ಬಣ್ಣವಿರಲಿಲ್ಲ. ಕಪ್ಪು-ಬಿಳುಪು. ಮಾಮು ಬಹಳ ಹೊತ್ತು ನೋಡಿ ಹೇಳಿದರು: ‘ಬೇಟಾ, ಮಷಿನ್ ಬರೋಬರಿ ಅದ. ಬಣ್ಣದ ಲೆಕ್ಕ ಒಳಗಿನ ಕ್ರಿಸ್ಟಲ್‌ನಿಂದ ಬರ್ತದ. ಅದು ಸ್ವಿಚ್ಚಿನಿಂದ ಸರಿ ಆಗೂದಲ್ಲ.’

ನಾವು ನಂಬಲಿಲ್ಲ. ಬಣ್ಣದ ಯಂತ್ರ ಮಾಮುವಿನ ಕೈಗೆ ಹೋಗಿ ಕಪ್ಪು-ಬಿಳುಪಾಗಿ ಬಂತೆಂದು ಅಬ್ಬಾಗೆ ದೂರು ಹೇಳಿದೆವು. ಅಬ್ಬಾ ಅದನ್ನು ನಗರದ ಒಂದು ರಿಪೇರಿ ಅಂಗಡಿಗೆ ಒಯ್ದರು. ಅಂಗಡಿಯವನು ಮುಚ್ಚಳ ಬಿಚ್ಚಿ, ‘ಯಾರು ಮಾಡಿದ್ದು ಇದು? ಹಾಳು ಮಾಡಿಟ್ಟಾರ’ ಎಂದನಂತೆ. ನಾಲ್ಕು ದಿನ ಇಟ್ಟುಕೊಂಡು, 150 ರೂಪಾಯಿ ತೆಗೆದುಕೊಂಡು ಕೊಟ್ಟ. ಬಣ್ಣ ಬಂದಿರಲಿಲ್ಲ. ಅದರ ಮೇಲೆ ಹೊಸ ಕಾಟ ಬೇರೆ. ಸ್ವಿಚ್ಚು 50ರಲ್ಲೇ ಇದ್ದರೂ ಹತ್ತು ನಿಮಿಷ ಆಡಿದ ಮೇಲೆ ಚಿತ್ರ ತಾನಾಗಿ ಉರುಳುವುದು, ಬಣ್ಣ ಹೋಗುವುದು, ಆಟ ಸ್ತಬ್ಧವಾಗುವುದು. ಹಳೆಯ ಆಟಗಳೂ ನೆಟ್ಟಗೆ ನಡೆಯುವಂತಿರಲಿಲ್ಲ. ಅಂಗಡಿಯವನ ಉತ್ತರ ಸಿದ್ಧವಾಗಿತ್ತು: ಮೊದಲು ಕೈ ಹಾಕಿದವರೇ ಕೆಡಿಸಿದ್ದಾರೆ.

1997ರಲ್ಲಿ ನಮ್ಮ ದೊಡ್ಡಪ್ಪನ ಮಗಳ ಮದುವೆಯಲ್ಲಿ, ಊಟದ ದಸ್ತರ್ಖಾನಿನ ಮುಂದೆ, ಮಾಮು ಅಬ್ಬಾರನ್ನು ‘ಆ ಮಷಿನ್ ಒಮ್ಮೆ ನನ್ನ ಕಡೆ ಕಳಿಸ್ರಿ, ನೋಡ್ತೀನಿ’ ಎಂದು ಕೇಳಿದರು. ಅಬ್ಬಾ ಎಲ್ಲರಿಗೂ ಕೇಳುವಂತೆ, ‘ಭಾಯಿ, ನಿಮ್ಮ ಕೈಗೆ ಕೊಟ್ಟಿದ್ದೇ ತಪ್ಪು. ಹದಿನೆಂಟು ಸಾವಿರದ ಮಾಲು’ ಎಂದುಬಿಟ್ಟರು. ಜನ ನಕ್ಕರು. ಮಾಮು ಕೈ ತೊಳೆಯಲು ಎದ್ದು ಹೋದರು. ಆ ಮೇಲೆ ಅವರು ನಮ್ಮ ಮನೆಗೆ ಬಂದರೂ ಸಂಬಂಧ ನಿಭಾಯಿಸಲು ಬರುವವರಂತೆ ಬಂದು ಚಹಾ ಕುಡಿದು ಹೋಗುತ್ತಿದ್ದರು. ನಮ್ಮ ಮನೆಯ ಯಾವ ವಸ್ತುವನ್ನೂ ಮುಟ್ಟುತ್ತಿರಲಿಲ್ಲ. ನಗರದ ನಮ್ಮ ಬಂಧುಗಳು ಮೊದಲು ರೇಡಿಯೋ, ಟೇಪ್‌ರೆಕಾರ್ಡರುಗಳನ್ನು ಅವರಿಗೆ ಕಳಿಸುತ್ತಿದ್ದರು. ಅದೂ ಕ್ರಮೇಣ ನಿಂತಿತು. ‘ಕಮಲಾಪುರಕ್ಕೆ ಕಳಿಸೋಣವೇನು?’ ಎಂಬ ತಮಾಷೆ ಮಾತ್ರ ಉಳಿಯಿತು.

ಯಂತ್ರ ಅಲಮಾರಿಯ ಮೇಲೆ ಸೇರಿತು. ಅಬ್ಬಾ 2016ರಲ್ಲಿ ತೀರಿಕೊಂಡರು. 2023ರ ಮಳೆಗಾಲದಲ್ಲಿ ಮನೆಗೆ ಸುಣ್ಣ ಹೊಡೆಸುವಾಗ ಅದು ಕೈಗೆ ಬಂತು. ಹಳೆಯ ಆಟದ ಯಂತ್ರಗಳಿಗೆ ಈಗ ಆಸಕ್ತರಿದ್ದಾರೆ, ರಿಪೇರಿ ಮಾಡಿದರೆ ಮಕ್ಕಳಿಗೆ ತೋರಿಸಬಹುದು ಎಂದುಕೊಂಡೆವು. ನಮ್ಮಲ್ಲಿ ಒಬ್ಬ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವನು. ಬೆಸುಗೆ ಹಾಕುವ ಕಡ್ಡಿ, ಮಲ್ಟಿಮೀಟರ್ ಮನೆಯಲ್ಲೇ ಇದ್ದವು.

ಇಲ್ಲಿ ನಮ್ಮ ಮೊದಲ ತಪ್ಪನ್ನು ಹೇಳಲೇಬೇಕು. ರಿಪೇರಿಯ ಮೊದಲ ಪಾಠ ಅಳತೆ ಮಾಡಿ ನೋಡುವುದು. ನಾವು ಅಳೆಯಲಿಲ್ಲ. ದೋಷಿ ಯಾರೆಂದು ನಮಗೆ 1996ರಿಂದಲೇ ‘ಗೊತ್ತಿತ್ತು’. ಮಾಮುವಿನ ಸ್ವಿಚ್ಚು! ಸೂಪರ್ ಮಾರ್ಕೆಟಿನಿಂದ ಹೊಸ ಸ್ವಿಚ್ಚು ತಂದು, ಹಳೆಯದನ್ನು ಬಿಚ್ಚಿ, ಅದೇ ತಂತಿಗಳನ್ನು ಹಾಗೆಯೇ ಹೊಸದಕ್ಕೆ ಹಚ್ಚಿದೆವು. ಹತ್ತು ನಿಮಿಷಕ್ಕೆ ಚಿತ್ರ ಉರುಳಿತು. ಕಾರ್ಟ್ರಿಡ್ಜಿನ ಹಲ್ಲುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆವು. ಅಡಾಪ್ಟರ್ ಬದಲಿಸಿದೆವು. ಎರಡು ಭಾನುವಾರ ಹೀಗೇ ಹೋದವು. ಬಿಚ್ಚಿ ತೆಗೆದ ಹಳೆಯ ಸ್ವಿಚ್ಚನ್ನು ಕೊನೆಗೆ ಮೀಟರಿಗೆ ಹಿಡಿದರೆ, ಇಪ್ಪತ್ತೇಳು ವರ್ಷದ ಆ ಸ್ವಿಚ್ಚು ಎರಡೂ ಕಡೆ ಸರಿಯಾಗಿಯೇ ಕೂಡುತ್ತಿತ್ತು. ಆಗ ನಮಗೆ ಸ್ವಲ್ಪ ನಾಚಿಕೆಯಾಯಿತು.

ಮೂರನೆಯ ಭಾನುವಾರ ಯಂತ್ರ ಚಾಲೂ ಇಟ್ಟು ಅಳೆಯಲು ಕೂತೆವು. ಜಪಾನ್-ಹೊರದೇಶದ ಸ್ವಿಚ್ಚಿನ ನಡುವಿನ ಕಾಲಿನಲ್ಲಿ ಒಂದು ಕಡೆಗೆ 5 ವೋಲ್ಟ್, ಇನ್ನೊಂದು ಕಡೆಗೆ ಸೊನ್ನೆ. ಇರಬೇಕಾದದ್ದೇ. 50-60ರ ಸ್ವಿಚ್ಚಿನಲ್ಲಿ 60ರ ಕಡೆಗೆ 5 ವೋಲ್ಟ್. 50ರ ಕಡೆಗೆ ಸೊನ್ನೆ ಬರಬೇಕು. ಮೊದಲು ಬಂತು ಕೂಡ. ಪೆಟ್ಟಿಗೆ ಬೆಚ್ಚಗಾಗುತ್ತಿದ್ದಂತೆ ಮೀಟರಿನ ಅಂಕಿ ಅಲುಗಾಡತೊಡಗಿತು. ಒಂದೂವರೆ, ಎರಡು, ಮತ್ತೆ ಸೊನ್ನೆ, ಮತ್ತೆ ಎರಡು. ಅಂದರೆ ಆ ಗೆರೆ ಗ್ರೌಂಡಿಗೂ ಸೇರಿಲ್ಲ, 5 ವೋಲ್ಟಿಗೂ ಸೇರಿಲ್ಲ, ನಡುವೆ ತೇಲುತ್ತಿದೆ. ತಾನು ಯಾವ ದೇಶದ್ದೆಂದು ಯಂತ್ರಕ್ಕೇ ಖಾತ್ರಿಯಿಲ್ಲ. ಆಟದ ನಡುವೆ ಅದು 50ರಿಂದ 60ಕ್ಕೆ ಹಾರಿದಾಗ ಚಿತ್ರ ಉರುಳುತ್ತಿತ್ತು.

ಯಂತ್ರ ಆರಿಸಿ ಗ್ರೌಂಡಿನ ತಂತಿಯನ್ನು ಬೆರಳಿನಿಂದ ಹಿಂಬಾಲಿಸಿದೆವು. ಸ್ವಿಚ್ಚು ಬದಲಿಸುವಾಗ ನೋಡದೇ ಬಿಟ್ಟಿದ್ದ ದಾರಿ ಅದು. ಉಳಿದೆಲ್ಲ ತಂತಿಗಳು ಮಾಮುವಿನ ಟೆಲಿಫೋನ್ ತಂತಿ, ಮೇಣದ ದಾರದ ಕಟ್ಟು. ಇದೊಂದು ಮಾತ್ರ ದಪ್ಪ ಕಪ್ಪು ತಂತಿ, ದಾರವಿಲ್ಲ. ಅದು ಲೋಹದ ರಕ್ಷಾಕವಚದ ಅಡಿಗೆ ನುಗ್ಗಿ ಅಲ್ಲೊಂದು ಸ್ಕ್ರೂವಿನ ಕೆಳಗೆ ಸುಮ್ಮನೆ ಸಿಕ್ಕಿಸಿದ್ದಾಗಿತ್ತು. ಬೆಸುಗೆಯೇ ಇರಲಿಲ್ಲ. ಸ್ಕ್ರೂವಿನ ಸುತ್ತ ಕಂದು ಬಣ್ಣದ ಕಿಲುಬು. ಮೀಟರಿಗೆ ಹಿಡಿದು ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿದರೆ ಒಮ್ಮೆ ಕೂಡುತ್ತಿತ್ತು, ಒಮ್ಮೆ ಬಿಡುತ್ತಿತ್ತು.

ಕವಚ ಬಿಚ್ಚಿದೆವು. ಬೋರ್ಡಿನ ಗ್ರೌಂಡಿನ ಜಾಗದಲ್ಲಿ ಒಂದು ದುಂಡನೆಯ, ಹೊಳೆಯುವ ಬೆಸುಗೆ. ಅದರೊಳಗೆ ಅರ್ಧ ಅಂಗುಲದ ಹಳದಿ ತಂತಿಯ ತುಂಡು, ಕಟರಿನಿಂದ ಕತ್ತರಿಸಿದ್ದು. ಪಕ್ಕದಲ್ಲಿ ಮೇಣದ ದಾರದ ಎಳೆ ಇನ್ನೂ ಅಂಟಿಕೊಂಡಿತ್ತು. ಮಾಮು ಹಚ್ಚಿದ್ದ ಗ್ರೌಂಡ್ ಅದು. ಅದನ್ನು ಯಾರೋ ಕತ್ತರಿಸಿ, ತಮ್ಮ ತಂತಿಯನ್ನು ಸ್ಕ್ರೂವಿಗೆ ಸಿಕ್ಕಿಸಿದ್ದರು. ಮಾಮುವಿನ ನಂತರ ಆ ಪೆಟ್ಟಿಗೆ ಬಿಚ್ಚಿದವನು ನಗರದ ಅಂಗಡಿಯವನೊಬ್ಬನೇ. ಬಣ್ಣ ತರಲೆಂದು ಏನೋ ಪ್ರಯತ್ನಿಸಿ, ಆಗದೆ, ಹೇಗೋ ಮುಚ್ಚಿ ಕೊಟ್ಟಿರಬೇಕು. ನಾವು ಮೂವರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಇನ್ನು ಬಣ್ಣದ ಪ್ರಶ್ನೆ ಉಳಿದಿತ್ತು. ಅದನ್ನೂ ಲೆಕ್ಕ ಹಾಕಿದೆವು. ಪಾಲ್ ಮೆಗಾ ಡ್ರೈವಿನ ಕ್ರಿಸ್ಟಲ್ ಸುಮಾರು 53.20 ಮೆಗಾಹರ್ಟ್ಸ್. ಅದನ್ನು 12ರಿಂದ ಭಾಗಿಸಿದರೆ 4.43, ಪಾಲ್ ಬಣ್ಣಕ್ಕೆ ಬೇಕಾದ ಸಂಖ್ಯೆ. ಅಮೆರಿಕದ ಯಂತ್ರದ ಕ್ರಿಸ್ಟಲ್ ಸುಮಾರು 53.69. ಅದನ್ನು 15ರಿಂದ ಭಾಗಿಸಿದರೆ 3.58, ಎನ್‌ಟಿಎಸ್‌ಸಿ ಬಣ್ಣದ ಸಂಖ್ಯೆ. ನಮ್ಮ ಯಂತ್ರವನ್ನು 60ಕ್ಕೆ ಸರಿಸಿದಾಗ ಅದು ತನ್ನ 53.20ನ್ನೇ 15ರಿಂದ ಭಾಗಿಸುತ್ತದೆ. ಬರುವುದು 3.55. ಟಿವಿಗೆ ಇದು ಪಾಲ್ ಬಣ್ಣವೂ ಅಲ್ಲ, ಎನ್‌ಟಿಎಸ್‌ಸಿ ಬಣ್ಣವೂ ಅಲ್ಲ. ಅದು ಬಣ್ಣವನ್ನು ಬಿಟ್ಟು ಬರೀ ಕಪ್ಪು-ಬಿಳುಪನ್ನು ತೋರಿಸುತ್ತದೆ. ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆ ತಂತಿಯಲ್ಲಿ ಒಯ್ದರೆ ಈ ಲೆಕ್ಕದ ಗೊಡವೆಯೇ ಇಲ್ಲ. ಈಗ ಅಂಥ ಕೇಬಲ್ಲು, ಅದನ್ನು ಎಚ್‌ಡಿಎಂಐಗೆ ಬದಲಿಸುವ ಪೆಟ್ಟಿಗೆ ಸುಲಭವಾಗಿ ಸಿಗುತ್ತವೆ. 1996ರ ನಮ್ಮ ಟಿವಿಗೆ ಅದು ಸಾಧ್ಯವೇ ಇರಲಿಲ್ಲ. ಮಾಮು ಒಂದು ಜೆರಾಕ್ಸ್ ಹಾಳೆ, ಒಂದು ರಾತ್ರಿಯ ಓದಿನ ಬಲದಿಂದ ಹೇಳಿದ್ದ ಮಾತು ಅಕ್ಷರಶಃ ಸರಿಯಾಗಿತ್ತು.

ಅಮ್ಮಿಗೆ ಎಲ್ಲವನ್ನೂ ತೋರಿಸಿದೆವು. ಅವರು ಆ ಹಳದಿ ತಂತಿಯ ತುಂಡನ್ನು ನೋಡಿ, ದಾರದ ಎಳೆಯನ್ನು ಮುಟ್ಟಿ, ‘ಆತ ಹಚ್ಚಿದ್ದು ಬಿಡೂದಿಲ್ಲಂತ ನನಗ ಅವತ್ತೇ ಗೊತ್ತಿತ್ತು’ ಎಂದರು. ‘ಮತ್ತೆ ಯಾಕೆ ಹೇಳಲಿಲ್ಲ?’ ಎಂದೆವು. ‘ಯಾರಿಗೆ ಹೇಳಲಿ? ಒಬ್ಬರು ನನ್ನ ಗಂಡ, ಒಬ್ಬ ನನ್ನ ಅಣ್ಣ. ನೀವು ಮೂರೂ ಮಂದಿ ನಗತಿದ್ರಿ.’ ಅಷ್ಟೇ ಹೇಳಿ ಒಳಗೆ ಹೋದರು. ಹೆಣ್ಣುಮಕ್ಕಳು ತವರು ಮತ್ತು ಗಂಡನ ಮನೆಯ ನಡುವೆ ಎಷ್ಟು ಮಾತುಗಳನ್ನು ನುಂಗಿಕೊಂಡು ಬದುಕುತ್ತಾರೆಂಬುದನ್ನು ನಾವು ಲೇಖನಗಳಲ್ಲಿ ಓದಿದ್ದೆವು. ನಮ್ಮ ಮನೆಯೊಳಗೇ ಅದು ಇತ್ತೆಂದು ನೋಡಿರಲಿಲ್ಲ.

ಮರುವಾರ ಅಮ್ಮಿಯನ್ನು ಕರೆದುಕೊಂಡು ಕಮಲಾಪುರಕ್ಕೆ ಹೋದೆವು. ಯಂತ್ರವನ್ನು ರಿಪೇರಿ ಮಾಡದೆ, ಬಿಚ್ಚಿದ್ದ ಹಾಗೆಯೇ ಚೀಲದಲ್ಲಿಟ್ಟುಕೊಂಡಿದ್ದೆವು. ಮಾಮುವಿಗೆ ಈಗ ಎಪ್ಪತ್ತೈದು ದಾಟಿದೆ. ಅಂಗಡಿಯಲ್ಲಿ ಅವರ ಮಗ ಮೊಬೈಲ್ ರಿಪೇರಿ ಮಾಡುತ್ತಾನೆ. ಮಾಮು ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಾರೆ. ಒಂದು ಕಣ್ಣಿನ ಆಪರೇಷನ್ ಆಗಿದೆ, ಕೈ ನಡುಗುತ್ತದೆ.

ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆವು. ಅಲ್ಲಿ ಹೋದ ಮೇಲೆ ಒಂದೂ ನೆನಪಾಗಲಿಲ್ಲ. ‘ಮಾಮು, ನಾವು ತಪ್ಪು ಮಾಡಿದ್ವಿ. ನಿಮ್ಮದೇನೂ ಕೆಟ್ಟಿರಲಿಲ್ಲ. ಮಾಫ್ ಮಾಡ್ರಿ’ ಎಂದಷ್ಟೇ ಹೇಳಿ ಪೆಟ್ಟಿಗೆಯನ್ನು ಅವರ ಮುಂದಿಟ್ಟೆವು. ಮಾಮು ಆ ಮಾತಿಗೆ ಉತ್ತರ ಕೊಡಲಿಲ್ಲ. ‘ಗ್ರೌಂಡ್ ಎಲ್ಲಿ ಹಚ್ಚಿದ್ದ ಅವ?’ ಎಂದು ಕೇಳಿದರು. ತೋರಿಸಿದೆವು. ಭೂತಗನ್ನಡಿ ಹಿಡಿದು ಸ್ಕ್ರೂ ನೋಡಿದರು, ಆಮೇಲೆ ತಮ್ಮ ಬೆಸುಗೆಯನ್ನು ನೋಡಿದರು. ಬಹಳ ಹೊತ್ತು ನೋಡುತ್ತಲೇ ಇದ್ದರು. ‘ಇನ್ನೂ ಹೊಳೀಲಾಕತ್ತದ ನೋಡು’ ಎಂದು ಮಗನನ್ನು ಕರೆದು ತೋರಿಸಿದರು.

ನಂತರ ಅವರು ಹೇಳಿದ ಮಾತನ್ನು ನಾವು ನಿರೀಕ್ಷಿಸಿರಲಿಲ್ಲ. ‘ನಂದೂ ಒಂದು ತಪ್ಪದ. ಆ ಗೆರಿಗೆ ಒಂದು ಹತ್ತು ಕೆ ರೆಸಿಸ್ಟರ್ ಗ್ರೌಂಡಿಗೆ ಹಾಕಿದ್ರ, ವೈರ್ ಬಿಟ್ರೂ ಅದು ತೇಲ್ತಿರಲಿಲ್ಲ. ಹಾಳೆದಾಗ ಇರಲಿಲ್ಲ, ನನಗ ಆಮ್ಯಾಲ ಹೊಳೀತು. ಅದಕ್ಕೇ ಮದುವ್ಯಾಗ ಮಷಿನ್ ಕೇಳಿದ್ದೆ.’

ಅದು ಸರಿಯೇ. ಸ್ವಿಚ್ಚು 60ರಲ್ಲಿದ್ದಾಗ ಆ ಸಣ್ಣ ರೆಸಿಸ್ಟರಿನಿಂದ ಯಾವ ತೊಂದರೆಯೂ ಇಲ್ಲ. ತಂತಿ ಬಿಟ್ಟಾಗ ಮಾತ್ರ ಅದು ಗೆರೆಯನ್ನು ಗ್ರೌಂಡಿಗೆ ಹಿಡಿದಿಡುತ್ತದೆ. ಇಪ್ಪತ್ತಾರು ವರ್ಷ ಎಲ್ಲರೂ ತಮ್ಮ ಮೇಲೆ ಹೊರಿಸಿದ ತಪ್ಪಿಗೆ ಒಂದು ಮಾತೂ ಆಡದ ಆ ಮನುಷ್ಯ, ಯಾರೂ ಕಂಡಿರದ ತಮ್ಮ ಸಣ್ಣ ತಪ್ಪನ್ನು ತಾವಾಗಿ ಎತ್ತಿ ಹೇಳಿದರು. ನಾವು ತಲೆ ತಗ್ಗಿಸಿ ಕೂತೆವು. ಆಣೆ ಹಾಕಿಕೊಂಡವರಂತೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ರೆಸಿಸ್ಟರ್ ಅವರ ಹಳೆಯ ಡಬ್ಬಿಯಲ್ಲೇ ಸಿಕ್ಕಿತು. ಮಾಮು ಹೇಳುತ್ತಾ ಹೋದರು, ನಮ್ಮಲ್ಲಿ ಡಿಪ್ಲೊಮಾ ಓದಿದವನು ಬೆಸುಗೆ ಹಾಕಿದ. ಕಪ್ಪು ತಂತಿ ಕಿತ್ತು ಬಿಸಾಡಿ, ಹಳದಿ ತುಂಡಿಗೇ ಹೊಸ ತಂತಿ ಸೇರಿಸಿದೆವು. ಕೊನೆಗೆ ಮಾಮು ‘ದಾರ?’ ಎಂದರು. ಅವರ ಮಗ ಮೇಣದ ದಾರ ಹುಡುಕಿ ತಂದ. ಗಂಟು ಮಾತ್ರ ತಾವೇ ಹಾಕುತ್ತೇನೆಂದು ಹಟ ಹಿಡಿದು, ನಡುಗುವ ಕೈಯಲ್ಲಿ ಮೂರು ಸಲ ತಪ್ಪಿ, ನಾಲ್ಕನೆಯ ಸಲ ಹಾಕಿದರು.

ಯಂತ್ರ ಎರಡು ಗಂಟೆ ಓಡಿತು. ಚಿತ್ರ ಒಮ್ಮೆಯೂ ಉರುಳಲಿಲ್ಲ. ಹೊಸ ಕೇಬಲ್ಲಿನಲ್ಲಿ ಆ ಅಮೆರಿಕದ ಕಾರ್ಟ್ರಿಡ್ಜೂ ಪೂರ್ತಿ ಬಣ್ಣದಲ್ಲಿ ಬಂತು. ಮಾಮುವಿನ ಮೊಮ್ಮಗಳು ಆಡಿದಳು. ಅಮ್ಮಿ ಮತ್ತು ಮಾಮು ಅದನ್ನು ನೋಡದೆ, ತಮ್ಮ ತಂದೆ-ತಾಯಿಯ ಕಾಲದ ಮಾತುಗಳಲ್ಲಿ ಮುಳುಗಿದ್ದರು. ಅಬ್ಬಾರ ಬಗ್ಗೆ ಮಾಮು ಒಂದೇ ಮಾತು ಹೇಳಿದರು: ‘ಅವರು ಕೆಟ್ಟ ಮನುಷ್ಯ ಅಲ್ಲ. ಅಂಗಡಿಯವ ಹೇಳಿದ್ದು ನಂಬಿದ್ರು.’ ಮದುವೆಯ ಊಟದ ಮುಂದೆ ಆಡಿದ ಮಾತನ್ನು ಅಬ್ಬಾರಿಂದ ಹಿಂದಕ್ಕೆ ತೆಗೆಸುವುದು ಈಗ ಸಾಧ್ಯವಿಲ್ಲ. ಅಂದು ನಕ್ಕವರಲ್ಲಿ ಇರುವವರಿಗೆ ನಾವು ಒಬ್ಬೊಬ್ಬರಿಗೇ ಫೋನ್ ಮಾಡಿ ನಿಜ ಏನೆಂದು ಹೇಳಿದ್ದೇವೆ. ಕೆಲವರಿಗೆ ಆ ಪ್ರಸಂಗವೇ ನೆನಪಿರಲಿಲ್ಲ. ಮಾಮುವಿಗೆ ನೆನಪಿತ್ತು.

ಯಂತ್ರವನ್ನು ಅಲ್ಲೇ ಬಿಟ್ಟು ಬಂದೆವು. ಬರುವಾಗ ಅಮ್ಮಿಯ ಕೈಯಲ್ಲಿ ಕೆಂಪು ಬಾಳೆಯ ಒಂದು ಚಿಪ್ಪು ಇತ್ತು. ಮನೆಗೆ ಬಂದ ಮೇಲೆ ಅವರು ಅಡುಗೆ ಮನೆಯಿಂದ ಕೆಟ್ಟ ಮಿಕ್ಸರನ್ನು ತಂದು ನಮ್ಮ ಮುಂದಿಟ್ಟು, ‘ಮುಂದಿನ ಸಲ ಹೋಗುವಾಗ ಇದನ್ನ ಒಯ್ಯರಿ’ ಎಂದರು.